ಗುಜರಿಯ ಮೋಟಾರು, ಮನೆಯ ಯಂತ್ರ: ಬೆಲೆಯೆಷ್ಟು, ಹೊಣೆಯೆಷ್ಟು?

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಗೋಕಾಕ ಪಟ್ಟಣದ ತಗ್ಗಿನ ಓಣಿಗಳೂ, ಈಗ ಮೂಡಲಗಿ ತಾಲೂಕಿಗೆ ಸೇರಿರುವ ಮಸಗುಪ್ಪಿಯಂತಹ ದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು. ಮನೆ, ಬೆಳೆ, ಜಾನುವಾರುಗಳ ಹಾನಿಯ ಮಾತು ಎಲ್ಲೆಡೆ ಕೇಳಿಬಂದಿತು. ಆದರೆ ಇಂತಹ ಪ್ರತಿಯೊಂದು ಮಹಾಪೂರದ ಹಿಂದೆಯೇ ಇನ್ನೊಂದು ಸಣ್ಣ ಪ್ರವಾಹವೂ ಇರುತ್ತದೆ. ನದಿದಂಡೆಯ ಪಂಪ್‌ಸೆಟ್‌ಗಳು, ಹಿಟ್ಟಿನ ಗಿರಣಿಗಳ ಮೋಟಾರುಗಳು, ಕೆಸರು ತುಂಬಿದ ಬಟ್ಟೆ ತೊಳೆಯುವ ಯಂತ್ರಗಳು, ಮಿಕ್ಸರ್‌ಗಳು, ಸ್ಟಾರ್ಟರ್ ಪೆಟ್ಟಿಗೆಗಳು ಗುಜರಿ ಅಂಗಡಿಗಳ ಕಡೆಗೆ ಹರಿಯುತ್ತವೆ. ಅವುಗಳಲ್ಲಿ ಒಂದು ಪಾಲು ಕರಗಿ ತಾಮ್ರವೂ ಬೀಡೂ ಆಗುತ್ತದೆ. ಉಳಿದ ಪಾಲು ಮತ್ತೊಮ್ಮೆ ತಿರುಗುತ್ತದೆ, ಈ ಸಲ ಯಾವನೋ ಬಡಿಗನ, ಕಮ್ಮಾರನ ಅಥವಾ ಆಟಿಕೆ ಮಾಡುವವನ ಮನೆಯ ಪಡಸಾಲೆಯಲ್ಲಿ.

ಹಳೆಯ ಮೋಟಾರನ್ನು ಹೊಸ ಯಂತ್ರಕ್ಕೆ ಕೂಡಿಸುವ ಈ ರೂಢಿ ಇಂದಿನದಲ್ಲ. ಗೋಕಾಕ ಜಲಪಾತದ ಬಳಿಯ ಗಿರಣಿ 1887ರಲ್ಲಿ ಆರಂಭವಾದ ಕಾಲದಲ್ಲಿ ಇಡೀ ಗಿರಣಿಗೆ ಶಕ್ತಿಯ ಮೂಲವೊಂದೇ ಇರುತ್ತಿತ್ತು. ಅದು ಉದ್ದನೆಯ ದಂಡ, ರಾಟೆ, ಪಟ್ಟೆಗಳ ಮೂಲಕ ನೂರಾರು ಯಂತ್ರಗಳಿಗೆ ಹಂಚಿಹೋಗುತ್ತಿತ್ತು. ಒಂದು ಯಂತ್ರ ಕೆಟ್ಟರೆ ಕಬ್ಬಿಣ ಮಾತ್ರ ಉಳಿಯುತ್ತಿತ್ತು. ಯಂತ್ರಕ್ಕೊಂದು ಮೋಟಾರು ಎಂಬ ಪದ್ಧತಿ ಬಂದ ಮೇಲೆ, ಗುಜರಿಗೆ ಹೋಗುವ ಪ್ರತಿಯೊಂದು ಯಂತ್ರವೂ ತನ್ನೊಳಗಿನ ಮೋಟಾರನ್ನು ಬಿಟ್ಟುಹೋಗುತ್ತದೆ. ಯಂತ್ರದ ಆಯುಸ್ಸಿಗಿಂತ ಮೋಟಾರಿನ ಆಯುಸ್ಸು ಬಹಳ ಸಲ ದೊಡ್ಡದಾಗಿರುತ್ತದೆ. ಆದುದರಿಂದ ಅದನ್ನು ತೂಕದ ಲೆಕ್ಕದಲ್ಲಿ ಕೊಳ್ಳುವುದು ಲಾಭದ ವ್ಯಾಪಾರವೆಂದು ತೋರುತ್ತದೆ. ಅನೇಕ ಸಲ ಅದು ಲಾಭವೇ ಹೌದು. ಆದರೆ ತೂಕದ ಬೆಲೆ ಎಂಬುದು ಲೋಹದ ಬೆಲೆ, ಕೆಲಸದ ಬೆಲೆಯಲ್ಲ. ಮೋಟಾರು ಹಿಂದೆ ಏನು ಕೆಲಸ ಮಾಡುತ್ತಿತ್ತು, ಅದರೊಡನೆ ಬಂದ ಸ್ಟಾರ್ಟರ್ ಅಥವಾ ನಿಯಂತ್ರಕಕ್ಕೆ ಯಾವ ನಡತೆಯನ್ನು ಕಲಿಸಲಾಗಿತ್ತು ಎಂಬುದನ್ನು ಅರಿಯದೆ ಕೊಂಡವನು ಅಗ್ಗದ ಮೋಟಾರಿಗೆ ಬೆರಳನ್ನು ಬೆಲೆಯಾಗಿ ತೆರಬೇಕಾದೀತು.

ಪೂರ್ವಾಶ್ರಮದ ವಿಚಾರ

ಮಸಗುಪ್ಪಿಯಂತಹ ಊರಿನಲ್ಲಿ ಒಬ್ಬ ಬಡಿಗನು ಮರ ಕಡೆಯುವ ಸಣ್ಣ ಲೇಥ್ ಒಂದನ್ನೂ, ಉಳಿ ಮಸೆಯುವ ಚಕ್ರವೊಂದನ್ನೂ ಮನೆಯಲ್ಲಿಯೇ ಕೂಡಿಸಿಕೊಳ್ಳಬೇಕೆಂದಿದ್ದಾನೆ ಎಂದು ಭಾವಿಸೋಣ. ಗುಜರಿ ಅಂಗಡಿಯಲ್ಲಿ ಅವನ ಮುಂದೆ ಆರು ಬಗೆಯ ಮೋಟಾರುಗಳಿವೆ.

ಅತ್ಯಂತ ಅಗ್ಗವಾಗಿ ದೊರೆಯುವುದು ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು. ಅದನ್ನು ಮುಟ್ಟಲೇಬಾರದು. ಅದರ ಸುರುಳಿ ತಣ್ಣಗಾಗುವುದು ನೀರಿನಿಂದ; ನೀರು ತುಂಬಿದ ಮಾದರಿಗಳಲ್ಲಿ ಬೇರಿಂಗಿಗೂ ಎಣ್ಣೆಯ ಬದಲು ನೀರೇ ಆಧಾರ. ಒಣ ನೆಲದ ಮೇಲೆ ಅದನ್ನು ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ಮೋನೋಬ್ಲಾಕ್ ಪಂಪಿನ ಮೋಟಾರು ಇದಕ್ಕಿಂತ ಮೇಲು. ಆದರೆ ಅದರ ದಂಡದ ತುದಿ ನೀರೆತ್ತುವ ಚಕ್ರಕ್ಕಾಗಿ ರೂಪಿಸಲ್ಪಟ್ಟಿರುವುದರಿಂದ ರಾಟೆ ಕೂಡಿಸಲು ಖರಾದಿಯವನ ಬಳಿಗೆ ಹೋಗಬೇಕು. ಆ ಮಜೂರಿಯನ್ನು ಬೆಲೆಯೊಳಗೆ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು.

ಮಿಕ್ಸರ್‌ನ ಮೋಟಾರು ಚಿಕ್ಕದು, ಶಕ್ತಿ ಮಾತ್ರ ದೊಡ್ಡದೆಂದು ತೋರುತ್ತದೆ. ಅದರ ಪಟ್ಟಿಯ ಮೇಲೆ 500 ಅಥವಾ 750 ವ್ಯಾಟ್ ಎಂದಿದ್ದರೂ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘30 ನಿಮಿಷ’ ಎಂಬಂತಹ ಮಿತಿಯೂ ಇರುತ್ತದೆ. ನಡುನಡುವೆ ಬಿಡುವು ಕೊಡಬೇಕೆಂದು ಕೈಪಿಡಿಯೂ ಹೇಳುತ್ತದೆ. ಚಟ್ನಿಗೆ ಅಷ್ಟು ಸಾಕು. ಅರ್ಧ ದಿನ ಮರ ಕಡೆಯಲು ಸಾಲದು. ಪೂರ್ಣ ಸ್ವಯಂಚಾಲಿತ ಬಟ್ಟೆ ತೊಳೆಯುವ ಯಂತ್ರಗಳಲ್ಲಿ ಕಾರ್ಬನ್ ಬ್ರಷ್ ಇರುವ ಮೋಟಾರು ಬಂದಿದ್ದರೆ ಅದರ ಅಪಾಯ ಬೇರೆಯದು. ಈ ಜಾತಿಯ ಮೋಟಾರಿಗೆ ಭಾರವಿಲ್ಲದೆ ನೇರವಾಗಿ ವಿದ್ಯುತ್ ಕೊಟ್ಟರೆ ವೇಗಕ್ಕೆ ತಡೆಯೇ ಇರುವುದಿಲ್ಲ. ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ಮೀರಿ ಓಡೀತು. ಮೂಲ ಯಂತ್ರದಲ್ಲಿ ಅದರ ಹಿಂಬದಿಯ ಪುಟ್ಟ ವೇಗಮಾಪಕ ಸುರುಳಿಯು ಪ್ರತಿಕ್ಷಣವೂ ನಿಯಂತ್ರಕಕ್ಕೆ ಸುದ್ದಿ ಕಳುಹಿಸುತ್ತಿರುತ್ತದೆ. ಆ ತಂತಿಗಳನ್ನು ಕತ್ತರಿಸಿ ಬರಿಯ ಮೋಟಾರನ್ನಷ್ಟೇ ತಂದವನು ಕಡಿವಾಣವಿಲ್ಲದ ಕುದುರೆಯನ್ನು ತಂದಂತೆ.

ಈಚಿನ ವರ್ಷಗಳಲ್ಲಿ ಪಟ್ಟಣಗಳ ಗುಜರಿಯಲ್ಲಿ ಕಾಣತೊಡಗಿರುವುದು ಟ್ರೆಡ್‌ಮಿಲ್, ಅಂದರೆ ನಿಂತಲ್ಲೇ ನಡೆಯುವ ಯಂತ್ರದ ಮೋಟಾರು. ಉತ್ಸಾಹದಿಂದ ಕೊಂಡು ಕೆಲವು ತಿಂಗಳು ನಡೆದು, ಆಮೇಲೆ ಬಟ್ಟೆ ಒಣಹಾಕಲು ಬಳಸಿ, ಕೊನೆಗೆ ಮಾರಿದ ಯಂತ್ರಗಳಿವು. ಆದ್ದರಿಂದ ಮೋಟಾರು ಹೊಸದರಂತೆಯೇ ಇರುತ್ತದೆ. ಏಕಮುಖ ವಿದ್ಯುತ್ತಿನಿಂದ ಓಡುವ, ಕಾಯಂ ಅಯಸ್ಕಾಂತವುಳ್ಳ ಈ ಮೋಟಾರು ನಿಧಾನ ವೇಗದಲ್ಲಿಯೂ ಬಲ ಕೊಡುತ್ತದೆ ಎಂಬುದು ಅದರ ದೊಡ್ಡ ಗುಣ. ದೋಷ ಎರಡು. ಮೊದಲನೆಯದು, ಅದರ ಮೈ ತೆರೆದಿದ್ದು ಗಾಳಿ ಒಳಗಿನಿಂದಲೇ ಹಾಯುವುದರಿಂದ ಮರದ ಪುಡಿ, ಕಬ್ಬಿಣದ ಪುಡಿ ನೇರವಾಗಿ ಬ್ರಷ್‌ಗಳ ಬಳಿಗೆ ಹೋಗುತ್ತದೆ. ಎರಡನೆಯದು, ಅದರ ಭಾರದ ಚಕ್ರವನ್ನು ಬಹುಮಟ್ಟಿಗೆ ಮರೆಯಿಂದ ತಿರುಪಿ ಕೂರಿಸಿರುವುದರಿಂದ ಮೋಟಾರನ್ನು ಹಿಮ್ಮುಖವಾಗಿ ಓಡಿಸಿದರೆ ಚಕ್ರವು ತಾನೇ ಸಡಿಲಗೊಳ್ಳಬಹುದು.

ಈ ಆರರಲ್ಲಿ ನಮ್ಮ ಭಾಗಕ್ಕೆ ಅತ್ಯಂತ ಒಪ್ಪುವುದು ವಿದ್ಯುತ್ ಮಗ್ಗದ ಮೋಟಾರು. ರಬಕವಿ-ಬನಹಟ್ಟಿಯಲ್ಲಾಗಲಿ, ಬೆಳಗಾವಿಯ ಖಾಸಬಾಗ, ವಡಗಾವಿಗಳಲ್ಲಾಗಲಿ ಹಳೆಯ ಮಗ್ಗ ಒಡೆದಾಗ ಅರ್ಧದಿಂದ ಒಂದೂವರೆ ಅಶ್ವಶಕ್ತಿಯವರೆಗಿನ ಮೂರು ಫೇಸಿನ ಮೋಟಾರು ಹೊರಬರುತ್ತದೆ. ಮಗ್ಗ ಎಂಬುದು ನಿಂತ ಸ್ಥಿತಿಯಿಂದ ಒಮ್ಮೆಲೇ ಭಾರದೊಡನೆ ಎದ್ದೇಳಬೇಕಾದ ಯಂತ್ರವಾದ್ದರಿಂದ ಈ ಮೋಟಾರಿಗೆ ಆರಂಭದ ಬಲ ಹೆಚ್ಚು. ನೂಲಿನ ನವಿರು ಒಳಗೆ ಹೋಗಬಾರದೆಂದು ಮೈ ಪೂರ್ತಿ ಮುಚ್ಚಿರುತ್ತದೆ. ಇಡೀ ಪಾಳಿ ಓಡುವುದೇ ಅದರ ಅಭ್ಯಾಸ. ಮರದ ಪುಡಿಯ ನಡುವೆ ಮರ ಕಡೆಯುವ ಲೇಥಿಗೆ ಇದಕ್ಕಿಂತ ಒಳ್ಳೆಯ ಪೂರ್ವಾಶ್ರಮ ಬೇರೆ ಇರಲಾರದು.

ಹೆಸರುಪಟ್ಟಿಯನ್ನು ಓದುವ ಬಗೆ

ಮೋಟಾರಿನ ಮೈಮೇಲಿನ ಲೋಹದ ಪಟ್ಟಿಯು ಅದರ ಆಸ್ತಿ-ಜವಾಬ್ದಾರಿ ತಖ್ತೆಯಿದ್ದಂತೆ. ದೊಡ್ಡ ಅಂಕಿಯನ್ನು ಮಾತ್ರ ನೋಡಿ ಸಮಾಧಾನಪಡುವವನು ಸಾಲ ಕೊಟ್ಟು ಕೆಡುತ್ತಾನೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಟ್ರೆಡ್‌ಮಿಲ್ ಮೋಟಾರೊಂದರ ಮೇಲೆ 2.5 ಅಶ್ವಶಕ್ತಿ, 130 ವೋಲ್ಟ್, 10 ಆಂಪಿಯರ್ ಎಂದು ಬರೆದಿದೆ ಎನ್ನೋಣ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಒಳಗೆ ಹೋಗುವ ಶಕ್ತಿ 1,300 ವ್ಯಾಟ್ ಮಾತ್ರ. ಹೊರಬರಬೇಕಾದದ್ದು 1,865 ವ್ಯಾಟ್! ಜಮೆಗಿಂತ ಖರ್ಚು ಹೆಚ್ಚಿರುವ ಈ ಲೆಕ್ಕಕ್ಕೆ ಅರ್ಥವಿಷ್ಟೇ: ಪಟ್ಟಿಯ ಅಶ್ವಶಕ್ತಿಯು ಕ್ಷಣಮಾತ್ರದ ಗರಿಷ್ಠ ಬಲವೇ ಹೊರತು ನಿರಂತರ ಬಲವಲ್ಲ. ಅಂತಹ ಮೋಟಾರನ್ನು ಒಂದೂವರೆ ಅಶ್ವಶಕ್ತಿಗಿಂತ ಕಡಿಮೆಯದೆಂದೇ ಎಣಿಸಿ ಕೊಳ್ಳುವುದು ಜಾಣತನ.

ಕೈಗಾರಿಕಾ ಮೋಟಾರುಗಳ ಪಟ್ಟಿಯಲ್ಲಿ ‘ಎಸ್1’ ಎಂಬ ಗುರುತಿದ್ದರೆ ಅದು ನಿರಂತರ ದುಡಿಮೆಗೆ ತಕ್ಕುದು. ‘ಎಸ್2’ ಎಂದರೆ ಅಲ್ಪಕಾಲದ ದುಡಿಮೆ, ‘ಎಸ್3’ ಎಂದರೆ ಬಿಡುವು ಸಹಿತ ದುಡಿಮೆ. ಪಟ್ಟಿಯೇ ಇಲ್ಲದ ಮೋಟಾರಿಗೆ ಲೋಹದ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಮಹಾಪೂರದಲ್ಲಿ ಮುಳುಗಿದ ಮೋಟಾರು ಕೆಟ್ಟೇಹೋಯಿತೆಂದು ತಿಳಿಯುವುದೂ ತಪ್ಪು, ಒರೆಸಿ ಚಾಲೂ ಮಾಡುವುದು ಇನ್ನೂ ದೊಡ್ಡ ತಪ್ಪು. ಅದನ್ನು ಪೂರ್ತಿ ಬಿಚ್ಚಿ, ಕೆಸರನ್ನು ಶುದ್ಧ ನೀರಿನಿಂದ ತೊಳೆದು, 80 ಡಿಗ್ರಿಯ ಸುಮಾರಿನ ಬಿಸಿಯಲ್ಲಿ ಅಥವಾ ಹಲವು ದಿನಗಳ ಬಿಸಿಲಿನಲ್ಲಿ ಒಣಗಿಸಿ, ಬೇರಿಂಗುಗಳನ್ನು ಕಡ್ಡಾಯವಾಗಿ ಬದಲಿಸಬೇಕು. ಬಳಿಕ 500 ವೋಲ್ಟಿನ ಮೆಗ್ಗರ್‌ನಿಂದ ಸುರುಳಿಗೂ ಮೈಗೂ ನಡುವಿನ ನಿರೋಧವನ್ನು ಅಳೆಯಿಸಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮತ್ತೆ ಒಣಗಿಸಬೇಕು; ಆಗಲೂ ಏರದಿದ್ದರೆ ಸುರುಳಿ ಬದಲಿಸದೆ ಗತ್ಯಂತರವಿಲ್ಲ. ಆರೋಗ್ಯವಂತ ಮೋಟಾರು ಇದರ ಹತ್ತಾರು ಪಟ್ಟು ತೋರಿಸುತ್ತದೆ. ರಿವೈಂಡಿಂಗ್ ಅಂಗಡಿಯವರಿಗೆ ಇದು ಐದು ನಿಮಿಷದ ಕೆಲಸ. ಕೊಳ್ಳುವ ಮೊದಲು ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನಿದ್ದರೆ ಅವನು ಮಾರುತ್ತಿರುವುದು ತಾಮ್ರವನ್ನೇ.

ಮೂರು ಫೇಸಿನ ಮೋಟಾರು, ಒಂದು ಫೇಸಿನ ಮನೆ

ಬಡಿಗನು ಮಗ್ಗದ ಮೋಟಾರನ್ನೇ ಆರಿಸಿಕೊಂಡನೆನ್ನೋಣ. ಮನೆಗೆ ಬಂದಿರುವುದು 230 ವೋಲ್ಟಿನ ಒಂದೇ ಫೇಸು. ಮೋಟಾರು ಕೇಳುವುದು 415 ವೋಲ್ಟಿನ ಮೂರು ಫೇಸು. ಹಳ್ಳಿಯ ಹಳೆಯ ಉಪಾಯವೆಂದರೆ ಕಂಡೆನ್ಸರ್ ಕೂಡಿಸಿ ಓಡಿಸುವುದು. ಓಡುತ್ತದೆ ನಿಜ, ಆದರೆ ಶಕ್ತಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಫೇಸುಗಳ ಸಮತೋಲ ಭಾರಕ್ಕೆ ತಕ್ಕಂತೆ ಕದಲುವುದರಿಂದ ಸುರುಳಿ ಬಿಸಿಯಾಗುತ್ತದೆ. ಮಸೆಯುವ ಚಕ್ರದಂತಹ ಹಗುರ ಕೆಲಸಕ್ಕೆ ಇದನ್ನು ಒಪ್ಪಬಹುದು.

ಉತ್ತಮ ಮಾರ್ಗ ವಿ.ಎಫ್.ಡಿ. ಎಂದು ಕರೆಯಲಾಗುವ, ಆವರ್ತನ ಬದಲಿಸುವ ನಿಯಂತ್ರಕ. 230 ವೋಲ್ಟಿನ ಒಂದು ಫೇಸನ್ನು ತೆಗೆದುಕೊಂಡು ಅದು ಮೂರು ಫೇಸನ್ನು ಕೊಡುತ್ತದೆ. ಜೊತೆಗೆ ಗುಂಡಿ ತಿರುಗಿಸಿದಂತೆ ವೇಗವನ್ನೂ ಬದಲಿಸುತ್ತದೆ. ಆದರೆ ಅದು ಕೊಡುವ ಮೂರು ಫೇಸಿನ ವೋಲ್ಟು 230ನ್ನು ಮೀರುವುದಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ದೇಶದಲ್ಲಿ ಎರಡು ಅಶ್ವಶಕ್ತಿಯವರೆಗಿನ ಮೋಟಾರುಗಳ ಸುರುಳಿಯನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಕೂಡಿಸಿರುತ್ತಾರೆ. ಅದನ್ನೇ ಡೆಲ್ಟಾ ಜೋಡಣೆಗೆ ಬದಲಿಸಿದರೆ 230 ವೋಲ್ಟಿಗೆ ಸರಿಹೊಂದುತ್ತದೆ. ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದರೆ ಪಟ್ಟಿಗಳನ್ನು ಸರಿಸಿದರೆ ಸಾಕು. ಮೂರೇ ತುದಿಗಳಿದ್ದರೆ ಸ್ಟಾರ್ ಕೂಡುವ ಬಿಂದು ಸುರುಳಿಯೊಳಗೇ ಹುದುಗಿರುತ್ತದೆ. ರಿವೈಂಡಿಂಗ್ ಮಾಡುವವನು ಅದನ್ನು ಬಿಡಿಸಿ ಉಳಿದ ಮೂರು ತುದಿಗಳನ್ನು ಹೊರತೆಗೆಯಬೇಕು. ಡೆಲ್ಟಾದಲ್ಲಿ ಪ್ರವಾಹ ಸುಮಾರು 1.73 ಪಟ್ಟಾಗುತ್ತದೆ. ಸ್ಟಾರ್‌ನಲ್ಲಿ 1.8 ಆಂಪಿಯರ್ ಎಳೆಯುವ ಒಂದು ಅಶ್ವಶಕ್ತಿಯ ಮೋಟಾರು ಈಗ 3.1 ಆಂಪಿಯರ್ ಎಳೆಯುವುದರಿಂದ ನಿಯಂತ್ರಕವನ್ನು ಆ ಅಂಕಿಗೆ ತಕ್ಕಂತೆ ಆರಿಸಬೇಕು.

ವೇಗವನ್ನು ಬಹಳ ತಗ್ಗಿಸಿ ದೀರ್ಘಕಾಲ ದುಡಿಸಬಾರದು. ಮೋಟಾರಿನ ಗಾಳಿಪಂಖ ಅದರ ದಂಡಕ್ಕೇ ಕೂಡಿರುವುದರಿಂದ ದಂಡ ನಿಧಾನವಾದರೆ ಗಾಳಿಯೂ ನಿಧಾನವಾಗುತ್ತದೆ, ಬಿಸಿ ಮಾತ್ರ ಉಳಿಯುತ್ತದೆ. ಹೆಚ್ಚಿನ ಬದಲಾವಣೆಗೆ ಹಂತರಾಟೆಯನ್ನೂ, ಸೂಕ್ಷ್ಮ ಬದಲಾವಣೆಗೆ ವಿ.ಎಫ್.ಡಿ.ಯನ್ನೂ ಬಳಸುವುದು ಮೇಲು.

ಹಳೆಯ ವಿ.ಎಫ್.ಡಿ.ಗಳೂ ಗುಜರಿಯಲ್ಲಿ ದೊರೆಯುತ್ತವೆ. ಮೋಟಾರನ್ನು ಹಳೆಯದು ಕೊಳ್ಳಬಹುದು, ನಿಯಂತ್ರಕವನ್ನು ಹೊಸದೇ ಕೊಳ್ಳಬೇಕು ಎಂಬುದು ಇಲ್ಲಿ ನೀಡಬಹುದಾದ ಸಲಹೆ. ವರ್ಷಗಟ್ಟಲೆ ಬಳಸದೆ ಇಟ್ಟ ವಿ.ಎಫ್.ಡಿ.ಯ ಒಳಗಿನ ದೊಡ್ಡ ಕಂಡೆನ್ಸರ್‌ಗಳು ಸೊರಗಿರುತ್ತವೆ. ಅವಕ್ಕೆ ಒಮ್ಮೆಲೇ ಪೂರ್ಣ ವೋಲ್ಟು ಕೊಟ್ಟರೆ ಸಿಡಿಯಬಹುದು. ತಿಳಿದವರು ವೋಲ್ಟನ್ನು ಹಂತಹಂತವಾಗಿ ಏರಿಸಿ ಅವನ್ನು ಮೊದಲ ಸ್ಥಿತಿಗೆ ತರುತ್ತಾರೆ. ಮನೆಯಲ್ಲಿ ಮಾಡುವ ಕೆಲಸವಲ್ಲ ಅದು. ಹೊಸದಾಗಲಿ ಹಳೆಯದಾಗಲಿ, ವಿದ್ಯುತ್ ತೆಗೆದ ಮೇಲೂ ಹಲವು ನಿಮಿಷಗಳವರೆಗೆ ಒಳಗೆ ಮಾರಕ ವೋಲ್ಟು ಉಳಿದಿರುತ್ತದೆ.

ಸ್ಟಾರ್ಟರ್‌ನ ನೆನಪು

ಈ ಲೇಖನದ ಮುಖ್ಯ ಎಚ್ಚರಿಕೆ ಇಲ್ಲಿದೆ. ನೀರಾವರಿ ಪಂಪ್‌ಸೆಟ್‌ಗಳಿಗೆ ಮೂರು ಫೇಸಿನ ವಿದ್ಯುತ್ತು ಗೊತ್ತಾದ ಕೆಲವು ತಾಸು ಮಾತ್ರ ಬರುತ್ತದೆ, ಅದೂ ಕೆಲವು ಸಲ ನಡುರಾತ್ರಿಯಲ್ಲಿ. ಪ್ರತಿಸಲವೂ ಹೊಲಕ್ಕೆ ಹೋಗಲಾರದ ರೈತನು ತನ್ನ ಸ್ಟಾರ್ಟರ್‌ಗೆ ಆಟೋ ಸ್ಟಾರ್ಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಕೂಡಿಸಿರುತ್ತಾನೆ. ವಿದ್ಯುತ್ ಬಂದೊಡನೆ ಅದು ಕೆಲವು ಸೆಕೆಂಡು ಕಾಯ್ದು ಮೋಟಾರನ್ನು ತಾನೇ ಚಾಲೂ ಮಾಡುತ್ತದೆ. ಪಂಪಿಗೆ ಇದು ಅನುಕೂಲ. ಅದೇ ಸ್ಟಾರ್ಟರ್ ಗುಜರಿಯ ಮೂಲಕ ಒಂದು ಕಟ್ಟಿಗೆ ಕೊಯ್ಯುವ ಗರಗಸಕ್ಕೆ ಬಂದು ಸೇರಿದರೆ? ಕೊಯ್ಯುತ್ತಿರುವಾಗ ವಿದ್ಯುತ್ ಹೋಗುತ್ತದೆ, ಗರಗಸ ನಿಲ್ಲುತ್ತದೆ; ಸಿಕ್ಕಿಕೊಂಡ ತುಂಡನ್ನು ಬಿಡಿಸಲು ಕೆಲಸಗಾರನು ಅಲಗಿನ ಪಕ್ಕ ಕೈ ಹಾಕುತ್ತಾನೆ; ಆಗ ವಿದ್ಯುತ್ ಬರುತ್ತದೆ. ಪೆಟ್ಟಿಗೆಯು ತನಗೆ ಕಲಿಸಿದ್ದನ್ನು ಚಾಚೂತಪ್ಪದೆ ಮಾಡುತ್ತದೆ.

ಸಾಮಾನ್ಯ ಡಿ.ಓ.ಎಲ್. ಸ್ಟಾರ್ಟರ್‌ನ ನಡತೆ ಇದಕ್ಕೆ ವಿರುದ್ಧವಾದುದು. ವಿದ್ಯುತ್ ಹೋದಾಗ ಅದರೊಳಗಿನ ಸುರುಳಿ ಹಿಡಿತ ಬಿಡುತ್ತದೆ. ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೂ ಮೋಟಾರು ಏಳುವುದಿಲ್ಲ. ಗುಜರಿಯ ಸ್ಟಾರ್ಟರ್ ಕೊಂಡವನು ಮೊದಲು ಮಾಡಬೇಕಾದದ್ದು, ಆಟೋ ಪೆಟ್ಟಿಗೆಯನ್ನೂ ಅದರ ತಂತಿಗಳನ್ನೂ ಪೂರ್ತಿ ಕಿತ್ತುಹಾಕಿ, ಬಳಿಕ ಯಂತ್ರ ಓಡುತ್ತಿರುವಾಗ ಮುಖ್ಯ ಸ್ವಿಚ್ಚನ್ನು ತೆಗೆದು ಮತ್ತೆ ಹಾಕಿ ನೋಡುವುದು. ಯಂತ್ರ ತಾನಾಗಿ ಎದ್ದರೆ ಆ ಸ್ಟಾರ್ಟರ್ ಆ ಯಂತ್ರಕ್ಕೆ ನಿಷಿದ್ಧ. ಬರಿಯ ಟಂಬ್ಲರ್ ಸ್ವಿಚ್ಚಿನಿಂದ ಓಡುವ ಮನೆಯ ಯಂತ್ರಗಳಿಗೂ ಇದೇ ದೋಷವಿದೆ: ಸ್ವಿಚ್ಚು ಚಾಲೂ ಸ್ಥಿತಿಯಲ್ಲಿಯೇ ಉಳಿದಿರುತ್ತದೆ. ವಿ.ಎಫ್.ಡಿ.ಯಲ್ಲಿಯೂ ವಿದ್ಯುತ್ ಬಂದೊಡನೆ ಮತ್ತೆ ಚಾಲೂ ಆಗುವಂತೆ ಹೊಂದಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದ್ದು, ಅದನ್ನು ಬಂದ್ ಇಟ್ಟುಕೊಳ್ಳತಕ್ಕದ್ದು. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಕೂಡ ಹಿಂದಿನ ಮೋಟಾರಿಗೆ ಹೊಂದಿಸಿದ್ದಾಗಿರುತ್ತದೆ. ಐದು ಅಶ್ವಶಕ್ತಿಯ ಪಂಪಿನ ರಿಲೇ ಒಂದು ಅಶ್ವಶಕ್ತಿಯ ಲೇಥ್ ಸುಟ್ಟು ಬೂದಿಯಾಗುವವರೆಗೂ ಸುಮ್ಮನಿರುತ್ತದೆ.

ಟ್ರೆಡ್‌ಮಿಲ್‌ನ ನಿಯಂತ್ರಕ ಫಲಕದ ಸಂಗತಿ ಬೇರೆ. ಅಂತಹ ಅನೇಕ ಫಲಕಗಳಲ್ಲಿ ಮನೆಯ ವಿದ್ಯುತ್ತಿಗೂ ಒಳಗಿನ ಭಾಗಗಳಿಗೂ ನಡುವೆ ಟ್ರಾನ್ಸ್‌ಫಾರ್ಮರ್‌ನ ತಡೆಯೇ ಇರುವುದಿಲ್ಲ. ವೇಗ ಬದಲಿಸುವ ಗುಂಡಿಯ ತಂತಿಗಳಲ್ಲಿಯೂ ಮುಖ್ಯ ವಿದ್ಯುತ್ತಿನ ವೋಲ್ಟು ಇರಬಹುದು. ಮೂಲ ಯಂತ್ರದಲ್ಲಿ ಅದು ಪ್ಲಾಸ್ಟಿಕ್ ಕವಚದೊಳಗೆ ಭದ್ರವಾಗಿತ್ತು. ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿ ಲೋಹದ ಗುಂಡಿ ಹೊರತೆಗೆದವನು ತಿಳಿಯದೆಯೇ ತನ್ನ ಕೈಗೆ ನೇರ ತಂತಿ ಎಳೆದುಕೊಂಡಂತೆ. ಗುಂಡಿಯ ದಂಡ ಪ್ಲಾಸ್ಟಿಕ್ಕಿನದಿರಬೇಕು, ಯಂತ್ರದ ಚೌಕಟ್ಟಿಗೆ ಪ್ರತ್ಯೇಕ ಅರ್ಥಿಂಗ್ ಇರಬೇಕು, ಸೋರುವ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಬ್ರೇಕರ್ ಇರಬೇಕು.

ಮಸೆಯುವ ಚಕ್ರಕ್ಕೆ ಸಂಬಂಧಿಸಿದ ಗಣಿತವೊಂದನ್ನು ಇಲ್ಲಿಯೇ ಹೇಳುವುದು ಒಳಿತು. 150 ಮಿಲಿಮೀಟರ್ ವ್ಯಾಸದ ಸಾಮಾನ್ಯ ಕಲ್ಲುಚಕ್ರದ ಅಂಚಿನ ವೇಗ ಸೆಕೆಂಡಿಗೆ 35 ಮೀಟರನ್ನು ಮೀರಬಾರದೆಂದು ಅದರ ಮೇಲೆ ಬರೆದಿದ್ದರೆ, ನಿಮಿಷಕ್ಕೆ ಸುಮಾರು 4,450 ಸುತ್ತು ಅದರ ಮಿತಿ. 2,880 ಸುತ್ತಿನ ಸಾಮಾನ್ಯ ಮೋಟಾರಿನಲ್ಲಿ ಅಂಚಿನ ವೇಗ 23 ಮೀಟರಿಗೂ ಕಡಿಮೆ. ಅದೇ ಚಕ್ರವನ್ನು 6,000 ಸುತ್ತು ಓಡಬಲ್ಲ ಗುಜರಿ ಮೋಟಾರಿಗೆ ನೇರವಾಗಿ ಕೂಡಿಸಿದರೆ 47 ಮೀಟರಾಗುತ್ತದೆ. ಅಷ್ಟು ವೇಗದಲ್ಲಿ ಒಡೆದ ಕಲ್ಲಿಗೆ ತಗಡಿನ ಮರೆ ತಡೆಯಲ್ಲ.

ಖರ್ಚಿನ ಲೆಕ್ಕ

ಮುಂದಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಪೇಟೆಯ ದರಗಳನ್ನು ಹಾಕಿಕೊಳ್ಳಬೇಕು. ಒಂದು ಅಶ್ವಶಕ್ತಿಯ ಹಳೆಯ ಮಗ್ಗದ ಮೋಟಾರಿಗೆ ರೂ. 1,500, ಬೇರಿಂಗ್ ಮತ್ತು ತುದಿ ಹೊರತೆಗೆದ ಮಜೂರಿಗೆ ರೂ. 700, ಹೊಸ ವಿ.ಎಫ್.ಡಿ.ಗೆ ರೂ. 6,000, ಸ್ವಿಚ್ಚು, ಬ್ರೇಕರ್, ಅರ್ಥಿಂಗ್‌ಗೆ ರೂ. 1,500, ಪಟ್ಟೆಯ ಮರೆ ಮೊದಲಾದ ರಕ್ಷಣೆಗೆ ರೂ. 1,000 ಎಂದರೆ ಒಟ್ಟು ರೂ. 10,700. ಇದರಲ್ಲಿ ಮೋಟಾರಿನ ಪಾಲು ಏಳರಲ್ಲೊಂದು. ‘ಅಗ್ಗದ ಮೋಟಾರು’ ಎಂಬ ಮಾತಿನ ನಿಜವಾದ ತೂಕ ಅಷ್ಟೇ. ಬಡಿಗನು ಹಣ ಕೊಟ್ಟು ಪಡೆದದ್ದು ಮುಖ್ಯವಾಗಿ ವೇಗ ಬದಲಿಸುವ ಸೌಲಭ್ಯ. ಅದು ಬೇಡವಾದರೆ ಒಂದು ಫೇಸಿನ ಮೋಟಾರಿಗೆ ಹಂತರಾಟೆ ಹಾಕಿಕೊಳ್ಳುವುದೇ ಮೇಲು.

ವಿದ್ಯುತ್ತಿನ ಖರ್ಚು ಬೇರೆ. 0.75 ಕಿಲೋವ್ಯಾಟಿನ, ನಾಲ್ಕು ಧ್ರುವದ ಐಇ3 ದರ್ಜೆಯ ಹೊಸ ಮೋಟಾರಿನ ದಕ್ಷತೆ ಶೇ. 82.5. ಹಲವು ಸಲ ಸುರುಳಿ ಬದಲಿಸಿದ ಹಳೆಯದರ ದಕ್ಷತೆ ಶೇ. 70 ಎಂದು ಹಿಡಿಯೋಣ. ಪೂರ್ಣ ಭಾರದಲ್ಲಿ ಹಳೆಯದು 1.07 ಕಿಲೋವ್ಯಾಟ್ ಎಳೆದರೆ ಹೊಸದು 0.91 ಎಳೆಯುತ್ತದೆ, ವ್ಯತ್ಯಾಸ ತಾಸಿಗೆ 0.16 ಯೂನಿಟ್. ದಿನಕ್ಕೆ ಎರಡು ತಾಸಿನಂತೆ ವರ್ಷಕ್ಕೆ 300 ದಿನ ದುಡಿದರೆ ಸುಮಾರು 97 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಸುಮಾರು ರೂ. 780. ದಿನಕ್ಕೆ ಎಂಟು ತಾಸು ದುಡಿದರೆ ಇದೇ ವ್ಯತ್ಯಾಸ ರೂ. 3,100ನ್ನು ದಾಟುತ್ತದೆ. ಹೀಗಾಗಿ ಆಗೊಮ್ಮೆ ಈಗೊಮ್ಮೆ ಓಡುವ ಮನೆಯ ಯಂತ್ರಕ್ಕೆ ಗುಜರಿ ಮೋಟಾರು ಒಪ್ಪುತ್ತದೆ, ಪಾಳಿಯುದ್ದಕ್ಕೂ ಓಡುವ ಕಾರಖಾನೆಯ ಯಂತ್ರಕ್ಕೆ ಒಪ್ಪುವುದಿಲ್ಲ. ಕಾರಖಾನೆಯವರು ತಮ್ಮ ಹಳೆಯದನ್ನು ಮಾರಿ ಹೊಸದು ಕೊಳ್ಳುವುದೂ, ಮನೆಯ ಕುಶಲಕರ್ಮಿ ಆ ಹಳೆಯದನ್ನು ಕೊಳ್ಳುವುದೂ, ಎರಡೂ ಸರಿಯಾದ ವ್ಯವಹಾರಗಳೇ.

ಯಾವ ಮೀಟರಿನ ಮೇಲೆ?

ಯಂತ್ರ ಸಿದ್ಧವಾದ ಮೇಲೆ ಅದಕ್ಕೆ ವಿದ್ಯುತ್ತನ್ನು ಎಲ್ಲಿಂದ ಕೊಡಬೇಕೆಂಬುದನ್ನು ಬಹುಮಂದಿ ಯೋಚಿಸುವುದೇ ಇಲ್ಲ. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಗೃಹಬಳಕೆಯ ದರಕ್ಕೆ ಅರ್ಹವಾದ ಸಣ್ಣ ಉದ್ಯೋಗಗಳ ಪಟ್ಟಿಯೊಂದನ್ನು ಕೊಡುತ್ತ ಬಂದಿವೆ. ಮನೆಯೊಳಗಿನ ಕೈಮಗ್ಗ, ಹೊಲಿಗೆ, ಅಕ್ಕಸಾಲಿಕೆಗಳ ಜೊತೆಗೆ ‘200 ವ್ಯಾಟ್‌ವರೆಗಿನ ಮೋಟಾರು ಬಳಸುವ ಕುಶಲಕರ್ಮಿಗಳು’ ಎಂಬುದೂ ಅದರಲ್ಲಿ ಸೇರಿದೆ. (ಲೆಕ್ಕಪರಿಶೋಧಕರ ಸಮಾಲೋಚನೆಯೂ ಅದೇ ಪಟ್ಟಿಯಲ್ಲಿದೆ, ಅವರ ಲೇಖನಿಗೆ ಅಶ್ವಶಕ್ತಿ ಬೇಕಾಗದು.) ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್ ಎಂಬುದನ್ನು ನೆನೆದರೆ, ಮಾರಾಟಕ್ಕಾಗಿ ಸಾಮಾನು ತಯಾರಿಸುವ ಬಡಿಗನ ಲೇಥ್ ಈ ರಿಯಾಯಿತಿಯ ಹೊರಗುಳಿಯುತ್ತದೆ. ಸ್ವಂತ ಬಳಕೆಯ ಹವ್ಯಾಸದ ಮಾತು ಬೇರೆ. ಆದೇಶಗಳು ಕಾಲಕಾಲಕ್ಕೆ ಬದಲಾಗುವುದರಿಂದ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳತಕ್ಕದ್ದು.

ಪಂಪ್‌ಸೆಟ್‌ನ ಸಂಪರ್ಕದಿಂದ ತಂತಿ ಎಳೆದು ಗರಗಸ ಓಡಿಸುವುದು ಇನ್ನೂ ಗಂಭೀರ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೆಯ ಪ್ರಕರಣದಂತೆ, ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ಬಳಸುವುದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟನ್ನು ವಿಧಿಸಲಾಗುತ್ತದೆ. ಎಂದಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ಗುಜರಿ ಮೋಟಾರಿನಿಂದ ಉಳಿಸಿದ ಹಣ ಒಂದೇ ತಪಾಸಣೆಯಲ್ಲಿ ಹೋಗುತ್ತದೆ. ಗೋಕಾಕ, ಮೂಡಲಗಿಗಳಲ್ಲಿ ಹೆಸ್ಕಾಂ ಕಚೇರಿಗೂ, ಹುಕ್ಕೇರಿ ಭಾಗದಲ್ಲಿ 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೂ ಅರ್ಜಿ ಕೊಟ್ಟು ಸಣ್ಣ ಕೈಗಾರಿಕೆಯ ಪ್ರತ್ಯೇಕ ಸಂಪರ್ಕ ಪಡೆಯುವುದೇ ಕ್ರಮ.

ಮಾರುವವರ ಪುಸ್ತಕಗಳಲ್ಲಿ

ಹಳೆಯ ಮೋಟಾರುಗಳ ವ್ಯಾಪಾರ ಮಾಡುವ ನೋಂದಾಯಿತ ವರ್ತಕರಿಗೆ ಜಿ.ಎಸ್.ಟಿ. ನಿಯಮಾವಳಿಯ 32(5)ನೆಯ ನಿಯಮ ಒಂದು ಅನುಕೂಲ ಕಲ್ಪಿಸಿದೆ. ಬಳಸಿದ ವಸ್ತುವನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರಿದರೆ, ಮತ್ತು ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದರೆ, ಮಾರಾಟದ ಮತ್ತು ಖರೀದಿಯ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ರೂ. 1,200ಕ್ಕೆ ಕೊಂಡ ಮೋಟಾರನ್ನು ರೂ. 2,000ಕ್ಕೆ ಮಾರಿದರೆ ಶೇ. 18ರಂತೆ ತೆರಿಗೆ ರೂ. 144, ಪೂರ್ಣ ಬೆಲೆಯ ಮೇಲಾದರೆ ರೂ. 360. ಬೇರಿಂಗ್ ಬದಲಿಸುವುದು ಅಲ್ಪ ಸಂಸ್ಕರಣೆಯೆಂದು ವಾದಿಸಬಹುದು. ಪೂರ್ತಿ ಸುರುಳಿ ಬದಲಿಸಿದ್ದು ಹಾಗೆನಿಸುವುದೇ ಎಂಬುದು ಚರ್ಚೆಗೆ ಎಡೆಕೊಡುತ್ತದೆ. ಆ ಮೋಟಾರನ್ನು ಲೇಥಿಗೆ ಕೂಡಿಸಿ ಮಾರಿದರೆ ಮಾತ್ರ ಚರ್ಚೆಯೇ ಇಲ್ಲ: ಅದು ಬೇರೆ ವಸ್ತು, ಪೂರ್ಣ ಬೆಲೆಗೆ ತೆರಿಗೆ.

ಬಿಲ್ಲಿನಲ್ಲಿ ‘ಹಳೆಯ ಮೋಟಾರು, ನಗ 1’ ಎಂದು ಬರೆಯುವುದಕ್ಕೂ ‘ಲೋಹದ ಗುಜರಿ, ಕಿಲೋ 18’ ಎಂದು ಬರೆಯುವುದಕ್ಕೂ ಇರುವ ಅಂತರ ಸಣ್ಣದಲ್ಲ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕನು ಪ್ರತಿವರ್ತಿ ಪದ್ಧತಿಯಲ್ಲಿ ತಾನೇ ತೆರಿಗೆ ಕಟ್ಟಬೇಕಾಗಿದೆ. ನೋಂದಾಯಿತರ ನಡುವಿನ ಎರಡೂವರೆ ಲಕ್ಷ ರೂಪಾಯಿ ಮೀರಿದ ಗುಜರಿ ಕರಾರುಗಳಲ್ಲಿ ಶೇ. 2ರ ಕಡಿತವೂ ಅಂದಿನಿಂದಲೇ ಜಾರಿಯಲ್ಲಿದೆ. ಬಟ್ಟೆ ತೊಳೆಯುವ ಯಂತ್ರ ಮೊದಲಾದವುಗಳನ್ನು ದುರಸ್ತಿ ಮಾಡಿ ಮಾರುವುದನ್ನೋ, ಅವುಗಳ ತ್ಯಾಜ್ಯವನ್ನು ಸಂಸ್ಕರಿಸುವುದನ್ನೋ ಉದ್ಯೋಗವಾಗಿ ಮಾಡುವವರಿಗೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯೂ ಬೇಕಾಗುತ್ತದೆ.

ಕೊಳ್ಳುವ ಉದ್ದಿಮೆದಾರರಿಗೆ ಸಂಬಂಧಿಸಿದ್ದು ಒಂದೇ. ಯಂತ್ರವನ್ನು ಆಸ್ತಿಯಾಗಿ ಪುಸ್ತಕದಲ್ಲಿ ತೋರಿಸಿ ಶೇ. 15ರ ಸವಕಳಿ ಪಡೆಯಬೇಕಾದರೆ, ಒಂದೇ ದಿನ ಒಬ್ಬನಿಗೆ ಹತ್ತು ಸಾವಿರ ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಟ್ಟಿರಬಾರದು. ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಯೊಳಗೆ ಸೇರುವುದಿಲ್ಲ. ಗುಜರಿ ಪೇಟೆಯಲ್ಲಿ ಬಿಲ್ಲು ಕೇಳುವ ರೂಢಿ ಕಡಿಮೆ. ಮಾರುವವನು ನೋಂದಾಯಿತನಲ್ಲದಿದ್ದರೆ ಅವನ ಹೆಸರು, ಊರು, ಮೋಟಾರಿನ ಪಟ್ಟಿಯ ಮೇಲಿನ ಕ್ರಮಸಂಖ್ಯೆ, ಕೊಟ್ಟ ಮೊತ್ತ ಇವಿಷ್ಟನ್ನು ಒಂದು ವೋಚರಿನಲ್ಲಿ ಬರೆದು ಸಹಿ ಪಡೆದಿಟ್ಟುಕೊಳ್ಳಬೇಕು. ಕ್ರಮಸಂಖ್ಯೆಯನ್ನು ಬರೆಯಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು: ಹೊಲಗಳಿಂದ ಪಂಪ್‌ಸೆಟ್ ಕದಿಯುವವರೂ ಅದನ್ನು ಮಾರಲು ಬರುವುದು ಇದೇ ಅಂಗಡಿಗಳಿಗೆ.